ಫಿಲೋಮಿನಾ ಚರ್ಚ್ ಬರೀ ನಕಲೇ?

ಪತ್ರ: ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ಜರ್ಮನಿಯ ಕೊಲೋನ್ ನಗರದ ಕ್ಯಾಥೆಡ್ರಲ್ ನೋಡಿ ಕಟ್ಟಿದ್ದಂತೆ. ಹಾಗಿದ್ದ ಮೇಲೆ ಅದನ್ನು ನಕಲು ಎನ್ನದೆ ಸಾಧನೆ ಎಂದು ಕೊಂಡಾಡುವುದೇಕೆ?
— ಮೈಸೂರಿನ ಓದುಗರೊಬ್ಬರು

ಸಂಪಾದಕರ ಉತ್ತರ: ಕೊಲೋನಿನ ಪ್ರೇರಣೆ ನಿಜ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ನಿಮ್ಮ ತೀರ್ಪನ್ನು ನಾನು ಒಪ್ಪಲಾರೆ. ಕೊಲೋನಿನಲ್ಲಿ ಕೆಲಸ ಶುರುವಾದದ್ದು 1248ರಲ್ಲಿ. ಹದಿನಾರನೆಯ ಶತಮಾನದಲ್ಲಿ ಅದು ನಿಂತೇ ಹೋಯಿತು. ಅರ್ಧಕ್ಕೆ ನಿಂತ ಗೋಪುರದ ಮೇಲೆ ಕಲ್ಲೆತ್ತುವ ಮರದ ಕ್ರೇನು ಶತಮಾನಗಟ್ಟಲೆ ಹಾಗೆಯೇ ಉಳಿದಿತ್ತು. ಮುಂಭಾಗದ ಹಳೆಯ ನಕ್ಷೆ ಮತ್ತೆ ಕೈಗೆ ಸಿಕ್ಕ ಮೇಲೆ, 1842ರಲ್ಲಿ ಕೆಲಸ ಮುಂದುವರಿದು, ಜೋಡಿ ಗೋಪುರಗಳು ಪೂರ್ಣಗೊಂಡದ್ದು 1880ರಲ್ಲಿ. ನಾವು 'ಮೂಲ' ಎನ್ನುವ ಗೋಪುರಗಳನ್ನೂ ಯಾರೋ ಹಿಂದೆ ಬರೆದಿಟ್ಟ ನಕ್ಷೆ ಹಿಡಿದು ಬೇರೆ ಕಾಲದವರು ಕಟ್ಟಿದರು. ಅದಾದ 53 ವರ್ಷಕ್ಕೆ, 1933ರ ಅಕ್ಟೋಬರ್ 28ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅಡಿಗಲ್ಲು ಹಾಕಿದರು. ನಕ್ಷೆ ಫ್ರೆಂಚ್ ವಾಸ್ತುಶಿಲ್ಪಿ ಡಾಲಿಯವರದು.

ಅಳತೆಯನ್ನೂ ಗಮನಿಸಿ. ಕೊಲೋನಿನ ಗೋಪುರಗಳ ಎತ್ತರ 157 ಮೀಟರ್. ಮೈಸೂರಿನವು 175 ಅಡಿ, ಅಂದರೆ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಗೋಪುರವನ್ನು ಮೂರನೆಯ ಒಂದು ಪಾಲಿಗೆ ಇಳಿಸಬಹುದು, ಒಳಗೆ ಬರುವ ಮನುಷ್ಯರನ್ನು ಇಳಿಸಲಾಗದು. ಬಾಗಿಲು, ಮೆಟ್ಟಿಲು, ಆಸನ ಎಲ್ಲವೂ ಅವರ ಅಳತೆಯಲ್ಲೇ ಇರಬೇಕು. ಆದ್ದರಿಂದ ಪ್ರಮಾಣವನ್ನು ಹೊಸದಾಗಿಯೇ ಲೆಕ್ಕಹಾಕಬೇಕು. ನನ್ನ ದೃಷ್ಟಿಯಲ್ಲಿ ವಾಸ್ತುಶಿಲ್ಪಿಯ ನಿಜವಾದ ಕಸುಬು ಇದೇ. ಎರಡೂ ಕಟ್ಟಡಗಳದು ಗಾಥಿಕ್ ಎಂಬ ಮಧ್ಯಯುಗದ ಯುರೋಪಿನ ಶೈಲಿ. ಅದರ ಮೊನಚು ಕಮಾನು ಭಾರವನ್ನು ಪಕ್ಕಕ್ಕೆ ಅಷ್ಟಾಗಿ ದೂಡದೆ ಕೆಳಕ್ಕೆ ಹರಿಸುತ್ತದೆ. ಗೋಡೆಯಲ್ಲಿ ದೊಡ್ಡ ಕಿಟಕಿಗಳಿಗೆ ಜಾಗ ಸಿಗುವುದು ಹೀಗೆ. ಕ್ರಿಸ್ತನ ಜನನದಿಂದ ಸ್ವರ್ಗಾರೋಹಣದವರೆಗಿನ ಕಥೆ ಹೇಳುವ ಇಲ್ಲಿನ ಬಣ್ಣದ ಗಾಜುಗಳು ಫ್ರಾನ್ಸಿನಿಂದ ಬಂದವು.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ನೆಲದಡಿಯ ಭಾಗ. ಎರಡು ಕಟ್ಟಡಗಳೂ ಪವಿತ್ರ ಅವಶೇಷಗಳಿಗಾಗಿಯೇ, ಅಂದರೆ ಪೂಜ್ಯರ ಅಸ್ಥಿಯಂಥ ಉಳಿಕೆಗಳಿಗಾಗಿಯೇ, ಎದ್ದವು: ಕೊಲೋನಿನದು ಶಿಶು ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳದೆಂದು ನಂಬಿದ ಅವಶೇಷಕ್ಕೆ, ಮೈಸೂರಿನದು ಸಂತ ಫಿಲೋಮಿನಾಳದಕ್ಕೆ. ಮಹಾರಾಜರ ಆಪ್ತ ಅಧಿಕಾರಿಯಾಗಿದ್ದ ತಂಬುಚೆಟ್ಟಿಯವರು ಅದನ್ನು ಇಲ್ಲಿಗೆ ತರಿಸಿದರು. ಕೊಲೋನಿನವರು ತಮ್ಮದನ್ನು ಬಲಿಪೀಠದ ಹಿಂದೆ, ಚಿನ್ನದ ಪೆಟ್ಟಿಗೆಯಲ್ಲಿ ಎತ್ತರಕ್ಕಿಟ್ಟು ತೋರಿಸುತ್ತಾರೆ. ಮೈಸೂರಿನಲ್ಲಿ ಭಕ್ತರು ಮೆಟ್ಟಿಲಿಳಿದು, ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಸಂತಳ ಪ್ರತಿಮೆಯ ಬಳಿಗೆ ಹೋಗುತ್ತಾರೆ. ಹೊರಗೆ ನಿಂತು ಗೋಪುರವನ್ನಷ್ಟೇ ನೋಡುವವರಿಗೆ ಈ ವ್ಯತ್ಯಾಸ ಕಾಣದು. ಒಮ್ಮೆ ಕೆಳಗಿಳಿದು ನೋಡಿ ಬಂದು ಬರೆಯಿರಿ. ಆಗಲೂ ನಕಲೆಂದೇ ಅನ್ನಿಸಿದರೆ ಆ ಪತ್ರವನ್ನೂ ಅಚ್ಚು ಹಾಕುತ್ತೇವೆ.