ಚೀನಾ ಟಿಲ್ಲರ್ 65 ಸಾವಿರ ಕಡಿಮೆಗೆ ಸಿಕ್ಕರೆ ತೆಗೆದುಕೊಳ್ಳಬಹುದೇ?

ಅಣ್ಣಾ, ನಿಮ್ಮ ಪ್ರಶ್ನೆ ಇದು: ಎರಡೂವರೆ ಎಕರೆ ಗದ್ದೆ, ಒಂದೂವರೆ ಎಕರೆ ಅಡಿಕೆ ತೋಟ ಇದೆ. ಚೀನಾದಿಂದ ಬಂದ 12 ಎಚ್‌ಪಿ ಪವರ್ ಟಿಲ್ಲರ್ ಒಂದು, ಇಲ್ಲಿ ತಯಾರಾದದ್ದಕ್ಕಿಂತ 65 ಸಾವಿರ ಕಡಿಮೆಗೆ ಸಿಗುತ್ತಿದೆ. ಗುಣಮಟ್ಟದಲ್ಲಿ ಅಷ್ಟೊಂದು ಅಂತರ ನಿಜವಾಗಿಯೂ ಇದೆಯೇ? ಮೇಲೆ ಕೆಲವರು "ಚೀನಾ ಮಾಲು ಬೇಡವೇ ಬೇಡ" ಎಂದು ಬರೆದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಅದರ ಇಂಜಿನ್ ಬಹಳ ಕಾಲದಿಂದ ದುಡಿದು ಸಾಬೀತಾದ ಮಾದರಿ. ಕಾಸು ಉಳಿಸಿರುವುದು ಬೇರೆ ಜಾಗಗಳಲ್ಲಿ, ಅವನ್ನು ತಿಳಿದು ನೋಡಿದರೆ ನಿಮಗೇ ಉತ್ತರ ಸಿಗುತ್ತದೆ.

ಮೊದಲು ಲೆಕ್ಕ. ಟಿಲ್ಲರ್ ಗದ್ದೆಯಲ್ಲಿ ಗಂಟೆಗೆ ಸುಮಾರು ಕಾಲು ಎಕರೆ ಹೊಡೆಯುತ್ತದೆ. ಒಂದು ಸಾಲಿಗೆ, ಅಂದರೆ ಗದ್ದೆ ಪೂರ್ತಿ ಒಂದು ಸಲ ಹೊಡೆಯಲು, ಎಕರೆಗೆ ನಾಲ್ಕು ಗಂಟೆ, ನಾಟಿಗೆ ಹದವಾಗಲು ಮೂರು ಸಾಲು ಬೇಕು ಅಂದರೆ ಎಕರೆಗೆ 12 ಗಂಟೆ. ನಿಮ್ಮ ಗದ್ದೆಗೆ 30 ಗಂಟೆ. ಟ್ರೇಲರ್‌ನಲ್ಲಿ ಗೊಬ್ಬರ, ಸೊಪ್ಪು, ಅಡಿಕೆ ಸಾಗಿಸುವುದೆಲ್ಲ ಸೇರಿಸಿ ವರ್ಷಕ್ಕೆ 100 ಗಂಟೆ ಅಂದುಕೊಳ್ಳೋಣ. ಹತ್ತು ವರ್ಷಕ್ಕೆ 1000 ಗಂಟೆ. 65 ಸಾವಿರದ ವ್ಯತ್ಯಾಸವನ್ನು ಅದಕ್ಕೆ ಹಂಚಿದರೆ ಗಂಟೆಗೆ 65 ರೂಪಾಯಿ. ಈಗ ಇನ್ನೊಂದು ಬದಿ ನೋಡಿ. ನಾಟಿ ಸಮಯದಲ್ಲಿ ಯಂತ್ರ ಕೈಕೊಟ್ಟು, ಗಂಟೆಗೆ 600ರಂತೆ ಬಾಡಿಗೆಗೆ ತಂದರೆ ಒಂದೇ ಹಂಗಾಮಿಗೆ 18 ಸಾವಿರ ಹೋಗುತ್ತದೆ, ಅದೂ ಆ ವಾರ ಬಾಡಿಗೆಯವನು ಸಿಕ್ಕಿದರೆ. ಹತ್ತು ವರ್ಷದಲ್ಲಿ ನಾಲ್ಕು ಸಲ ಹೀಗಾದರೆ ಉಳಿಸಿದ್ದೆಲ್ಲ ಮುಗಿಯಿತು. ಬೇರೆಯವರ ಗದ್ದೆಗೂ ಓಡಿಸುವವರಾದರೆ ಗಂಟೆ ಹೆಚ್ಚುತ್ತದೆ, ವ್ಯತ್ಯಾಸ ಇನ್ನೂ ಚಿಕ್ಕದಾಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟರೆ ಎಷ್ಟು ದಿನಕ್ಕೆ ಎದ್ದು ನಿಲ್ಲುತ್ತದೆ?

ಇಂಜಿನ್ ವಿಚಾರ. ಇಂಥ ಟಿಲ್ಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್-195 ಜಾತಿಯ ಮಲಗಿದ ಸಿಂಗಲ್ ಸಿಲಿಂಡರ್ ಡೀಸೆಲ್. ಬೋರ್ (ಸಿಲಿಂಡರಿನ ಒಳವ್ಯಾಸ) 95 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 115 ಮಿ.ಮೀ., 815 ಸಿ.ಸಿ., 2000 ಆರ್‌ಪಿಎಂಗೆ 12 ಎಚ್‌ಪಿ. ಲೈನರ್ (ಪಿಸ್ಟನ್ ಓಡಾಡುವ ಒಳಕೊಳವೆ) ಹೊರಗೆ ತೆಗೆದು ಬದಲಿಸುವಂಥದ್ದು, ಚೀನಾದಲ್ಲಿ ಹಲವು ಕಾರ್ಖಾನೆಗಳು ಇದೇ ನಕ್ಷೆಯಲ್ಲಿ ಮಾಡುತ್ತವೆ. ಹೀಗಾಗಿ ಇಂಜಿನ್ ಭಾಗಗಳು ಒಂದಲ್ಲ ಒಂದು ಕಡೆ ಹೊಂದುತ್ತವೆ. ಇಂಜಿನ್ ಮೇಲೆ ವಿವರ ಕೆತ್ತಿದ ಪ್ಲೇಟು ಓದುವಾಗ ಮಾತ್ರ ಹುಷಾರು. ಅದರಲ್ಲಿ ಎರಡು ಅಂಕಿ ಇರುತ್ತದೆ: 12 ಗಂಟೆ ನಿರಂತರ ಓಡಿದರೆ ಕೊಡುವ ಶಕ್ತಿ (8.8 ಕಿಲೋವ್ಯಾಟ್) ಮತ್ತು ಒಂದು ಗಂಟೆ ಮಾತ್ರ ಕೊಡಬಲ್ಲ ಶಕ್ತಿ (9.7 ಕಿಲೋವ್ಯಾಟ್). ಕಿಲೋವ್ಯಾಟನ್ನು 0.735ರಿಂದ ಭಾಗಿಸಿದರೆ ಎಚ್‌ಪಿ. ಅಂಗಡಿಯವರು 13 ಎಚ್‌ಪಿ ಅನ್ನುವುದು ಎರಡನೆಯದನ್ನು ನೋಡಿ, ಕೆಸರಿನಲ್ಲಿ ದಿನವಿಡೀ ಹೊಡೆಯುವ ನಿಮಗೆ ಬೇಕಾದ್ದು ಮೊದಲನೆಯದು. ಸ್ಟಿಕ್ಕರ್ ಮೇಲಿನ ಎಚ್‌ಪಿಯನ್ನಂತೂ ನಂಬಲೇಬೇಡಿ.

ಇನ್ನು ಗುಣಮಟ್ಟ ಇಳಿಯುವ ಜಾಗಗಳು. ಮೊದಲನೆಯದು ಆಯಿಲ್ ಸೀಲ್. ಬ್ಲೇಡುಗಳನ್ನು ತಿರುಗಿಸುವ ರೋಟರಿ ಶಾಫ್ಟಿನ ಎರಡೂ ತುದಿಯ ಸೀಲು ಕಳಪೆಯಾಗಿದ್ದರೆ ಕೆಸರುನೀರು ಒಳಗೆ ಹೋಗುತ್ತದೆ, ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡದೆ ಓಡಿಸಿದರೆ ಮುಂದಿನದು ಬೇರಿಂಗ್, ಅದರ ಹಿಂದೆ ಶಾಫ್ಟ್. ಸೀಲಿನ ಬೆಲೆ ಅತಿ ಕಡಿಮೆ, ಶಾಫ್ಟಿನದು ಹಾಗಲ್ಲ. ಎರಡನೆಯದು ಗೇರ್ ಬಾಕ್ಸಿನ ಎರಕ. ಎರಕದ ಮರಳು ಸರಿಯಾಗಿ ತೊಳೆಯದೆ ಒಳಗೇ ಉಳಿದಿರುತ್ತದೆ, ಅದು ಆಯಿಲ್ ಜೊತೆ ಸುತ್ತಿ ಬೇರಿಂಗ್ ಸವೆಸುತ್ತದೆ. ಮೂರನೆಯದು ಬೋಲ್ಟು. ತಲೆಯ ಮೇಲೆ 8.8 (ಗಟ್ಟಿತನದ ದರ್ಜೆ) ಎಂದು ಅಚ್ಚಿಲ್ಲದ ಬೋಲ್ಟು ಬ್ಲೇಡಿಗೂ ಚಕ್ರಕ್ಕೂ ಇದ್ದರೆ ಮೊದಲ ದಿನವೇ ಬದಲಿಸಿ. ನಾಲ್ಕನೆಯದು ಬ್ಲೇಡು: ಸಣ್ಣ ಫೈಲಿನಿಂದ ಬಾಯಿಯ ಹತ್ತಿರ ಉಜ್ಜಿ. ಸುಲಭವಾಗಿ ಕಚ್ಚಿಕೊಂಡು ಪುಡಿ ಉದುರಿದರೆ ಹದ ಕೊಟ್ಟಿಲ್ಲ, ನೊರಜುಗಲ್ಲಿರುವ ಮಣ್ಣಿನಲ್ಲಿ ಬೇಗ ಸವೆದುಹೋಗುತ್ತದೆ. ಫೈಲು ಜಾರಿದರೆ ಹದ ಚೆನ್ನಾಗಿದೆ.

ಏರ್ ಕ್ಲೀನರಿನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪನ್ನು ಯಾರೂ ನೋಡುವುದಿಲ್ಲ, ಆದರೆ ಒಣ ಉಳುಮೆಯಲ್ಲಿ ಇಂಜಿನ್ ಕೊಲ್ಲುವುದು ಅದೇ. ಬಿರುಕು ಬಿಟ್ಟರೆ ಧೂಳು ನೇರ ಲೈನರಿಗೆ. ಪರೀಕ್ಷೆ ಸುಲಭ: ಇಂಜಿನ್ ನಿಧಾನ ಓಟದಲ್ಲಿರುವಾಗ ಕ್ಲೀನರಿನ ಗಾಳಿ ಎಳೆಯುವ ಬಾಯಿಯನ್ನು ಚಪ್ಪಟೆ ರಬ್ಬರ್ ಹಾಳೆಯಿಂದ ಪೂರ್ತಿ ಮುಚ್ಚಿ. ಇಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಿದ್ದರೆ ಬೇರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಎಂದರ್ಥ.

ಬಿಡಿಭಾಗದ ಮಾತಿಗೆ ಬರೋಣ, ನನ್ನ ಪ್ರಕಾರ ತೀರ್ಮಾನ ಆಗುವುದು ಇಲ್ಲೇ. 2020ರ ಜುಲೈಯಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಪವರ್ ಟಿಲ್ಲರನ್ನು ಮುಕ್ತ ಆಮದಿನಿಂದ ನಿರ್ಬಂಧಿತ ಪಟ್ಟಿಗೆ ಹಾಕಿತು. ಟಿಲ್ಲರ್ ಅಷ್ಟೇ ಅಲ್ಲ, ಅದರ ಇಂಜಿನ್, ಟ್ರಾನ್ಸ್‌ಮಿಷನ್, ಚಾಸಿ, ರೋಟವೇಟರ್ ಕೂಡ ಸೇರಿವೆ. ಅಂದರೆ ಆಮದುದಾರನಿಗೆ ಪರವಾನಗಿ ಇಲ್ಲದಿದ್ದರೆ ನಿಮ್ಮ ಗೇರ್ ಬಾಕ್ಸ್ ಒಡೆದ ದಿನ ಅವನ ಗೋದಾಮಿನಲ್ಲಿ ಇರುವುದೇ ಕೊನೆ. ಮೊದಲು ಅವರನ್ನು ಕೇಳಿ, ಈ ಯಂತ್ರ ಯಾವ ವರ್ಷ ಬಂದದ್ದು? ಹಳೆಯ ದಾಸ್ತಾನಾಗಿದ್ದರೆ ಟೈರಿನ ಮೇಲೆ ನಾಲ್ಕಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಅಷ್ಟು ವರ್ಷ ನಿಂತ ಯಂತ್ರದ ಬೆಲ್ಟು, ಸೀಲು, ಪೈಪುಗಳನ್ನೆಲ್ಲ ಹೊಸದು ಹಾಕುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ.

ಇಲ್ಲಿಯ ಟಿಲ್ಲರ್ ಕೂಡ ಮೂಲದಲ್ಲಿ ಜಪಾನಿನದೇ. ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಮಿತ್ಸುಬಿಷಿ ಜೊತೆಗೂಡಿ ಶುರುವಾದದ್ದು, ಕೇರಳದ ಕಾಮ್ಕೊ ಕುಬೋಟಾ ಮಾದರಿಯದು. ಆದರೆ ಅವುಗಳ ಭಾಗಗಳು ದಶಕಗಳಿಂದ ಇಲ್ಲೇ ತಯಾರಾಗುತ್ತಿವೆ, ಮೆಕ್ಯಾನಿಕ್‌ಗಳ ಕೈಗೂ ಪಳಗಿವೆ. ಹೆಚ್ಚಿನ 65 ಸಾವಿರದಲ್ಲಿ ದೊಡ್ಡ ಪಾಲು ಹೋಗುವುದು ಇದಕ್ಕೆ.

ಎಲ್ಲ ಭಾಗಕ್ಕೂ ಕಂಪನಿಯನ್ನೇ ಕಾಯಬೇಕಿಲ್ಲ ಎಂಬುದೂ ನಿಜ. ಬೇರಿಂಗ್ ನಂಬರು ಅಂತರರಾಷ್ಟ್ರೀಯ. 6205, 6206 ಎಂದಿದ್ದರೆ ಯಾವುದೇ ಪೇಟೆಯಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಸೀಲಿನ ಮೇಲೆ ಮೂರು ಅಳತೆ ಇರುತ್ತದೆ: ಶಾಫ್ಟಿನ ವ್ಯಾಸ, ಹೊರವ್ಯಾಸ, ದಪ್ಪ. ಬೆಲ್ಟಿನ ಮೇಲೆ ಉದ್ದ ಮಿ.ಮೀ.ನಲ್ಲಿದ್ದರೆ 25.4ರಿಂದ ಭಾಗಿಸಿ ಇಂಚಿಗೆ ತನ್ನಿ. ಒಳ ಅಳತೆ 1905 ಇರುವ ಬಿ ಸೆಕ್ಷನ್ ಬೆಲ್ಟು ನಮ್ಮಲ್ಲಿ ಬಿ-75. ಒಂದು ಹರಿದರೂ ಸೆಟ್ ಪೂರ್ತಿ ಬದಲಿಸಿ, ಹಳೆಯದರ ಜೊತೆ ಹೊಸದು ಹಾಕಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಬದಲಿ ಸಿಗದಿರುವುದು ಗೇರು, ಸ್ಟೇರಿಂಗ್ ಕ್ಲಚ್ಚಿನ (ತಿರುಗಿಸಲು ಒಂದು ಬದಿಯ ಚಕ್ರಕ್ಕೆ ಶಕ್ತಿ ತಪ್ಪಿಸುವ ಕ್ಲಚ್ಚು) ಭಾಗ, ರೋಟರಿ ಶಾಫ್ಟ್ ಮತ್ತು ಎರಕದ ಪೆಟ್ಟಿಗೆ. ಇವು ಅಂಗಡಿಯಲ್ಲಿ ಕಣ್ಣಿಗೆ ಕಾಣುವಂತೆ ಇವೆಯೇ ನೋಡಿ. "ತರಿಸಿಕೊಡ್ತೀವಿ" ಅಂದರೆ ಇಲ್ಲ ಎಂದೇ ಲೆಕ್ಕ.

ಪರೀಕ್ಷಾ ವರದಿ ಕೇಳುವುದನ್ನು ಮರೆಯಬೇಡಿ. ಮಧ್ಯಪ್ರದೇಶದ ಬುದ್ನಿ, ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆಯಂಥ ಕೇಂದ್ರ ಸರ್ಕಾರದ ಸಂಸ್ಥೆಗಳು ಯಂತ್ರಗಳನ್ನು ಓಡಿಸಿ, ಬಿಚ್ಚಿ, ಅಳೆದು ವರದಿ ಕೊಡುತ್ತವೆ. ಅದರಲ್ಲಿ ಅಳೆದ ಶಕ್ತಿ, ಡೀಸೆಲ್ ಖರ್ಚು, ಹ್ಯಾಂಡಲ್ ನಡುಕ, ಬ್ಲೇಡಿನ ಗಡಸುತನ ಇವನ್ನು ಓದಿದರೆ ಅಂಗಡಿಯ ಮಾತು ಎಷ್ಟು ಸತ್ಯ ಗೊತ್ತಾಗುತ್ತದೆ. ಸಹಾಯಧನಕ್ಕೂ ಪರೀಕ್ಷೆ ಆದ ಮಾದರಿಯೇ ಬೇಕು. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ಮಾದರಿ ಪಟ್ಟಿಯಲ್ಲಿದೆಯೇ ಕೇಳಿ. ಇಲ್ಲಿಯದಕ್ಕೆ ಸಹಾಯಧನ ಸಿಕ್ಕಿ ಚೀನಾದ್ದಕ್ಕೆ ಸಿಗದಿದ್ದರೆ 65 ಸಾವಿರದ ಲೆಕ್ಕವೇ ತಲೆಕೆಳಗು.

ನನ್ನ ಅಭಿಪ್ರಾಯ ನೇರವಾಗಿ: ಗದ್ದೆಯೇ ಮುಖ್ಯವಾದರೆ ಇಲ್ಲಿಯದನ್ನೇ ತೆಗೆದುಕೊಳ್ಳಿ. ದುಡ್ಡು ಸಾಲದಿದ್ದರೆ ಐದಾರು ವರ್ಷ ಓಡಿದ ಇಲ್ಲಿಯ ಟಿಲ್ಲರ್ ಹುಡುಕಿ, ರಿಂಗು, ಸೀಲು, ಕ್ಲಚ್ ಪ್ಲೇಟು ಹೊಸದು ಹಾಕಿಸಿ. ಟ್ರೇಲರ್ ಕೆಲಸಕ್ಕೆ ಮಾತ್ರವಾದರೆ, ಒಂದು ವಾರ ನಿಂತರೂ ನಷ್ಟ ಇಲ್ಲದಿದ್ದರೆ, ಭಾಗ ಹತ್ತಿರ ಇದ್ದರೆ ಚೀನಾದ್ದು ಆಗಬಹುದು. ಆಗ ಟ್ರೇಲರ್ ಬ್ರೇಕನ್ನು ಭಾರ ಹೇರಿ ಇಳಿಜಾರಿನಲ್ಲಿ ಪರೀಕ್ಷಿಸಿಯೇ ತನ್ನಿ. ಇಳಿಜಾರಿನಲ್ಲಿ ಭಾರ ಹಿಂದಿನಿಂದ ನೂಕುವಾಗ ಸ್ಟೇರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಎದುರು ದಿಕ್ಕಿಗೆ ತಿರುಗುತ್ತದೆ, ನಿಮ್ಮ ತೋಟದ ದಾರಿಯಲ್ಲಿ ಇದು ಪ್ರಾಣದ ಪ್ರಶ್ನೆ.

ತಂದದ್ದೇ ಆದರೆ ಗದ್ದೆಗಿಳಿಸುವ ಮೊದಲು ಗೇರ್ ಬಾಕ್ಸ್ ಆಯಿಲ್ ಖಾಲಿ ಮಾಡಿ, ಡೀಸೆಲ್ ಹಾಕಿ ಕೈಯಲ್ಲಿ ತಿರುಗಿಸಿ ತೊಳೆದು, ಪೂರ್ತಿ ಬಸಿದು, ಹೊಸ 90 ಗೇರ್ ಆಯಿಲ್ ತುಂಬಿಸಿ. ಇಂಜಿನ್‌ಗೆ 15ಡಬ್ಲ್ಯೂ-40. ಮೊದಲ 25 ಗಂಟೆ ಅರ್ಧ ಭಾರದಲ್ಲಿ ಓಡಿಸಿ ಎರಡೂ ಆಯಿಲ್ ಬದಲಿಸಿ. ಬಸಿದ ಆಯಿಲ್‌ನಲ್ಲಿ ಅಯಸ್ಕಾಂತ ಆಡಿಸಿ ನೋಡಿ: ಬೂದಿಯಂತೆ ನುಣ್ಣನೆಯ ಲೋಹದ ಪುಡಿ ಹತ್ತಿದರೆ ಸಹಜ, ಚೂರು ಸಿಕ್ಕರೆ ಆ ದಿನವೇ ವಾರಂಟಿಗೆ ಕರೆ ಮಾಡಿ. ಎಲ್ಲ ಬೋಲ್ಟು ಮರುಬಿಗಿ. ಹಾಪರ್ ಇಂಜಿನ್ (ಮೇಲಿನ ತೊಟ್ಟಿಯ ನೀರಿನಿಂದ ತಣ್ಣಗಾಗುವಂಥದ್ದು) ಆದರೆ ನೀರಿನ ಮಟ್ಟ ತೋರಿಸುವ ತೇಲುಗುಂಡು ಇಳಿದಾಗೆಲ್ಲ ನೀರು ತುಂಬಿ.

ಬಿಲ್ಲಿನಲ್ಲಿ ಇಂಜಿನ್ ನಂಬರು, ಚಾಸಿ ನಂಬರು, ತಯಾರಾದ ವರ್ಷ ಬರೆಸಿ. ಜೊತೆಗೆ ಒಂದು ಸೆಟ್ ಕ್ಲಚ್ ಪ್ಲೇಟು, ಬೆಲ್ಟು, ರೋಟರಿ ಸೀಲು, ಹೆಡ್ ಗ್ಯಾಸ್ಕೆಟ್, ನಾಜಲ್, ಕೇಬಲ್‌ಗಳು ಮತ್ತು ಬೋಲ್ಟು ಸಮೇತ ಬ್ಲೇಡಿನ ಸೆಟ್ ಅದೇ ದಿನ ಕೈಗೆ ಬರಲಿ. ಇಂಜಿನ್ ಪ್ಲೇಟಿನ ಫೋಟೊ ಇಲ್ಲಿ ಹಾಕಿದರೆ ಯಾವ ಮಾದರಿ, ಯಾವ ಭಾಗ ಹೊಂದುತ್ತದೆ ಎಂದು ನೋಡಿ ಹೇಳಬಹುದು.