ಬಂದೇ ನವಾಜ್ ಉರುಸಿಗೆ ನಾವೂ ಹೋಗಬಹುದಾ?

ಅಕ್ಕಲಕೋಟೆಗೆ ಹೊಸದಾಗಿ ಬಂದಿದ್ದೀರಿ. ಮುಸ್ಲಿಮರಲ್ಲ, ಆದರೂ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜರ ಉರುಸಿಗೆ ಹೋಗಬಹುದಾ, ಹೋದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ನಾನು ಪಕ್ಕದ ದುಧನಿಯವನು. ನಮ್ಮ ಕಡೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರೂ ಖ್ವಾಜಾಗೆ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ಆದರೆ ಉರುಸಿಗೇ ಹೋಗಬೇಕಾ ಅನ್ನುವುದನ್ನು ಸ್ವಲ್ಪ ಯೋಚಿಸಿ.

ಉರುಸು ನಡೆಯುವುದು ಮುಸ್ಲಿಮರ ಪಂಚಾಂಗದ ಜಿಲ್ಕಾದ್ ತಿಂಗಳ 15, 16 ಮತ್ತು 17ಕ್ಕೆ. ಬಕ್ರೀದ್‌ಗೆ ಮೂರೂವರೆ ವಾರ ಮೊದಲು ಅಂತ ನೆನಪಿಟ್ಟುಕೊಂಡರೆ ಸಾಕು. ಚಂದ್ರನ ಲೆಕ್ಕ ಆದ್ದರಿಂದ ವರ್ಷ ವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಈಗೀಗ ಬೀಳುತ್ತಿರುವುದು ಏಪ್ರಿಲ್, ಮೇನಲ್ಲಿ. ಕಲಬುರಗಿ ಬಿಸಿಲು ಗೊತ್ತಲ್ವಾ? ಮೊದಲ ದಿನ ಮೆಹಬೂಬ್ ಗುಲ್ಶನ್ ತೋಟದಿಂದ ಗಂಧದ ಮೆರವಣಿಗೆ ಹೊರಡುತ್ತದೆ. ಮರುದಿನ ದೀಪದ ರಾತ್ರಿ. ಗಂಧ ನೋಡಬೇಕು ಅಂದರೆ ಆ ಸಂಜೆಯೇ ಹೋಗಬೇಕು, ನೂಕುನುಗ್ಗಲು ತಪ್ಪಿದ್ದಲ್ಲ. ದರ್ಗಾ ನೋಡಬೇಕು, ಒಂದಿಷ್ಟು ಹೊತ್ತು ಕೂರಬೇಕು ಅಂತಿದ್ದರೆ ಗುರುವಾರ, ಶುಕ್ರವಾರ ಬಿಟ್ಟು ಯಾವುದಾದರೂ ದಿನ ಬೆಳಿಗ್ಗೆ ಹೋಗಿ. ನನ್ನ ಮಟ್ಟಿಗೆ ಅದೇ ವಾಸಿ.

ಅಂದಹಾಗೆ, ಈ ಗದ್ದಲದ ಬಗ್ಗೆ ಮೊದಲು ತಕರಾರು ತೆಗೆದವನು ಒಬ್ಬ ಸುಲ್ತಾನ! ಖ್ವಾಜಾ ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಗೇಸೂದರಾಜ್, ಅಂದರೆ ಉದ್ದ ಕೂದಲಿನವರು, ಅಂತಲೂ ಕರೆಯುತ್ತಾರೆ. ಗುರುಗಳಾದ ನಸೀರುದ್ದೀನ್ ಚಿರಾಗ್ ದೆಹಲವಿಯವರ ಪಲ್ಲಕ್ಕಿ ಹೊತ್ತಾಗ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಗುರುವಿಗೆ ತೊಂದರೆ ಆಗಬಾರದು ಅಂತ ಬಿಡಿಸಿಕೊಳ್ಳದೆ ಹಾಗೇ ನಡೆದರಂತೆ. 1398ರಲ್ಲಿ ತೈಮೂರ್ ದಂಡೆತ್ತಿ ಬಂದಾಗ ದೆಹಲಿ ಬಿಟ್ಟರು. ಇಲ್ಲಿನ ಸುಲ್ತಾನ ಫಿರೋಜ್ ಶಾ ಬಹಮನಿ ಕರೆಸಿಕೊಂಡ ಮೇಲೆ ಕಲಬುರಗಿ ಸೇರಿದಾಗ ವಯಸ್ಸು ಎಂಬತ್ತರ ಆಸುಪಾಸು! ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಶಿಷ್ಯರು. ನನಗೆ ಪವಾಡದ ಕಥೆಗಳಿಗಿಂತ ಇದೇ ಜಾಸ್ತಿ ಹಿಡಿಸುತ್ತದೆ.

ಮೊದಲು ಅವರ ಮಠ, ಖಾನ್‌ಖಾ ಅನ್ನುತ್ತಾರೆ, ಕೋಟೆಯ ಹತ್ತಿರವೇ ಇತ್ತು. ಆಮೇಲೆ ಫಿರೋಜ್ ಶಾ ತನ್ನ ಮಗನೇ ಮುಂದಿನ ಸುಲ್ತಾನ ಅಂದ. ಖ್ವಾಜಾ ಒಪ್ಪಲಿಲ್ಲ, ಅವರ ಒಲವು ಸುಲ್ತಾನನ ತಮ್ಮ ಅಹ್ಮದನ ಕಡೆ. ಕೋಟೆಯ ಪಕ್ಕ ಜನಜಂಗುಳಿ ಅಂತ ನೆಪ ಹೇಳಿ ಸುಲ್ತಾನ ಅವರನ್ನು ದೂರ ಕಳಿಸಿದ. ಹಾಗೆ ಹೋಗಿ ನೆಲೆಸಿದ ಜಾಗದಲ್ಲೇ ಇವತ್ತಿನ ದರ್ಗಾ ಇರುವುದು. 1422ರಲ್ಲಿ ಅಹ್ಮದ್ ಶಾನೇ ಪಟ್ಟಕ್ಕೆ ಬಂದ. ಅದೇ ವರ್ಷ ನವೆಂಬರಿನಲ್ಲಿ ಖ್ವಾಜಾ ತೀರಿಕೊಂಡರು. ಜನಜಂಗುಳಿ ಮಾತ್ರ ಇನ್ನೂ ಕರಗಿಲ್ಲ.

ರೈಲಿನಲ್ಲೇ ಹೋಗಿ. ಅಕ್ಕಲಕೋಟ್ ರೋಡ್, ದುಧನಿ, ಗಾಣಗಾಪುರ ರೋಡ್, ಕಲಬುರಗಿ, ಎಲ್ಲ ಒಂದೇ ಹಳಿ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಗಾಣಗಾಪುರದ ದತ್ತನಿಗೆ ಹೊರಟವರು, ಖ್ವಾಜಾಗೆ ಹರಕೆ ಹೊತ್ತವರು ಒಂದೇ ಸೀಟಿನಲ್ಲಿ ಚುರುಮುರಿ ತಿನ್ನುತ್ತಾ ಕೂತಿರುತ್ತಾರೆ. ಸ್ಟೇಷನ್ನಿನಿಂದ ದರ್ಗಾಕ್ಕೆ ಆಟೋ ಸಿಗುತ್ತದೆ.

ಚಪ್ಪಲಿ ಹೊರಗೆ ಬಿಡಿ. ತಲೆಗೆ ಕರ್ಚೀಫ್ ಸಾಕು, ಹೆಂಗಸರಿಗೆ ಸೆರಗು ಅಥವಾ ದುಪಟ್ಟಾ. ಮನೆಯವರ ಜೊತೆ ಹೋಗುವುದಾದರೆ ಹೆಂಗಸರು ಎಲ್ಲಿಯವರೆಗೆ ಹೋಗಬಹುದು ಅಂತ ಬಾಗಿಲಲ್ಲೇ ಕೇಳಿಕೊಳ್ಳಿ. ಗೋರಿಗೆ ಹೊದಿಸುವ ದೊಡ್ಡ ಚಾದರವೇ ಬೇಕು ಅಂತಿಲ್ಲ. ಒಂದಿಷ್ಟು ಹೂವು, ಊದಿನಕಡ್ಡಿ, ಪೊಟ್ಟಣ ಸಕ್ಕರೆ ಒಯ್ದರೆ ಆಯಿತು. ದರ್ಗಾದ ಸೇವೆ ಮಾಡುವ ಮುಜಾವರರು ಫಾತಿಹಾ ಪ್ರಾರ್ಥನೆ ಓದಿ, ಸ್ವಲ್ಪ ಸಕ್ಕರೆ ತೆಗೆದಿಟ್ಟುಕೊಂಡು ಉಳಿದದ್ದನ್ನು ನಿಮ್ಮ ಕೈಗೇ ಕೊಡುತ್ತಾರೆ. ಅದನ್ನು ಅಲ್ಲೇ ಹಂಚಿಬಿಡಿ, ಮನೆಗೂ ಚೂರು ಉಳಿಸಿಕೊಳ್ಳಿ. ಹೊತ್ತು ಮಿಕ್ಕರೆ ಶರಣಬಸವೇಶ್ವರ ಗುಡಿಗೂ ಹೋಗಿ ಬನ್ನಿ. ನಮ್ಮೂರಿನವರು ಎರಡನ್ನೂ ಒಂದೇ ದಿನ ಮುಗಿಸಿ ಬರುತ್ತಾರೆ.