ಕಂಡದ್ದನ್ನು ಹೇಳಿ, ಅನ್ನಿಸಿದ್ದನ್ನಲ್ಲ

ವಯೋವೃದ್ಧರೊಬ್ಬರು ತಮ್ಮ ಮನೆಯಿಂದಲೇ ಅಪಹರಣಕ್ಕೊಳಗಾಗಿ, ಎಷ್ಟು ದಿನ ಕಳೆದರೂ ಸುಳಿವು ಸಿಗದ ಪ್ರಕರಣಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೆಲವು ಪತ್ರಗಳಲ್ಲಿ ‘ಇಂಥವರೇ ಮಾಡಿರಬೇಕು’ ಎಂದು ಹೆಸರುಗಳನ್ನೂ ಬರೆಯಲಾಗಿತ್ತು. ಹೆಸರುಗಳನ್ನು ತೆಗೆದು ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಇಂಥ ಪ್ರಕರಣಗಳಲ್ಲಿ ಪೊಲೀಸರು ವಾರಗಟ್ಟಲೆ ಬಾಯಿ ಬಿಡುವುದಿಲ್ಲ. ಅವರು ಹೇಳದಿದ್ದಾಗ ಜನ ಊಹಿಸುವುದು ಸಹಜವಲ್ಲವೇ? ನಾಲ್ಕು ಜನ ಸೇರಿ ಚರ್ಚಿಸಿದರೆ ಯಾರಿಗಾದರೂ ಏನಾದರೂ ಹೊಳೆಯಬಹುದು. ಅದರಲ್ಲಿ ತಪ್ಪೇನಿದೆ?

ಉತ್ತರ: ಸಹಜ ಎನ್ನುವುದರಲ್ಲಿ ಅನುಮಾನವಿಲ್ಲ. ಕೈಕಾಲಿನಲ್ಲಿ ತ್ರಾಣವಿಲ್ಲದ ವಯಸ್ಸಿನವರನ್ನು ರಾತ್ರೋರಾತ್ರಿ ಹೊತ್ತೊಯ್ದರು ಎಂಬ ಸುದ್ದಿ ಕೇಳಿ ಸುಮ್ಮನಿರುವುದು ಯಾರಿಗೂ ಸುಲಭವಲ್ಲ. ಆದರೆ ಪೊಲೀಸರು ಹೇಳಿಲ್ಲ ಎಂದ ಮಾತ್ರಕ್ಕೆ ಅವರಿಗೆ ಗೊತ್ತೇ ಇಲ್ಲ ಎಂದು ತೀರ್ಮಾನಿಸುವಲ್ಲಿಂದಲೇ ಹೆಚ್ಚಿನ ಊಹೆಗಳು ದಾರಿ ತಪ್ಪುತ್ತವೆ.

ನಾರ್ವೆಯ ಓಸ್ಲೋ ಸಮೀಪದ ಲೋರೆನ್‌ಸ್ಕೋಗ್‌ನಲ್ಲಿ 2018ರ ಅಕ್ಟೋಬರ್ 31ರಂದು ದೊಡ್ಡ ಉದ್ಯಮಿಯೊಬ್ಬರ 68 ವರ್ಷದ ಪತ್ನಿ ಮನೆಯಿಂದ ಕಾಣೆಯಾದರು. ಮನೆಯೊಳಗೆ ಸಿಕ್ಕ ಪತ್ರದಲ್ಲಿ 90 ಲಕ್ಷ ಯೂರೋ ಮೌಲ್ಯದ ಒತ್ತೆಹಣವನ್ನು ಮೊನೆರೋ ಎಂಬ, ಜಾಡು ಹಿಡಿಯಲು ಬಲು ಕಷ್ಟವಾದ ಡಿಜಿಟಲ್ ನಾಣ್ಯದಲ್ಲಿ ಕೊಡಬೇಕೆಂದು ಕೇಳಲಾಗಿತ್ತು; ಪೊಲೀಸರಿಗೆ ತಿಳಿಸಬಾರದೆಂಬ ಬೆದರಿಕೆಯೂ ಇತ್ತು. ಪೊಲೀಸರು ಹತ್ತು ವಾರ ಎಲ್ಲವನ್ನೂ ಗುಟ್ಟಾಗಿಟ್ಟು ತನಿಖೆ ನಡೆಸಿ, 2019ರ ಜನವರಿ 9ರಂದು ಮೊದಲ ಬಾರಿ ವಿಷಯವನ್ನು ಬಹಿರಂಗಪಡಿಸಿದರು. ಆಗ ಅವರು ಹೇಳಿದ್ದು ಅಪಹರಣ ಎಂದು. ಅದೇ ವರ್ಷದ ಜೂನ್ ಹೊತ್ತಿಗೆ, ಆಕೆ ಕೊಲೆಯಾಗಿರುವ ಸಾಧ್ಯತೆಯೇ ಹೆಚ್ಚು ಎಂದರು. 2020ರ ಏಪ್ರಿಲ್‌ನಲ್ಲಿ ಪತಿಯನ್ನೇ ಬಂಧಿಸಿದರು. ಅವರು ಆರೋಪವನ್ನು ನಿರಾಕರಿಸಿದರು. ಕೆಲವೇ ದಿನಗಳಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಕೈಯಲ್ಲಿ ಪತ್ರ, ಬೆರಳಚ್ಚು, ದೂರವಾಣಿ ದಾಖಲೆ ಎಲ್ಲವನ್ನೂ ಇಟ್ಟುಕೊಂಡವರ ಅಭಿಪ್ರಾಯವೇ ಹೀಗೆ ಮತ್ತೆ ಮತ್ತೆ ತಿರುಗುವಾಗ, ಪತ್ರಿಕೆಯ ಎರಡು ಕಾಲಂ ಸುದ್ದಿ ಓದಿದವರ ಖಚಿತ ತೀರ್ಮಾನಕ್ಕೆ ಎಷ್ಟು ಬೆಲೆ ಎಂದು ನೀವೇ ಲೆಕ್ಕ ಹಾಕಿ.

ಹಾಗೆಂದು ಪೊಲೀಸರ ಮೌನವೆಲ್ಲವೂ ಜಾಣತನವಲ್ಲ ಎನ್ನುವುದನ್ನೂ ಹೇಳಬೇಕು. 2023ರ ಜನವರಿಯಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್‌ನ ನದಿಯೊಂದರ ದಡದಿಂದ ಮಹಿಳೆಯೊಬ್ಬರು ಕಾಣೆಯಾದಾಗ ಅಪರಿಚಿತರು ಮೊಬೈಲ್ ಹಿಡಿದು ಆ ಪುಟ್ಟ ಹಳ್ಳಿಗೆ ನುಗ್ಗಿದರು; ಗುಂಪು ಚದುರಿಸಲು ಪೊಲೀಸರು ವಿಶೇಷ ಅಧಿಕಾರವನ್ನೇ ಬಳಸಬೇಕಾಯಿತು. ಆಕೆಯ ದೇಹ ಅದೇ ನದಿಯಲ್ಲಿ ಸಿಕ್ಕಿತು. ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಸತ್ತರೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆನಂತರ ನಡೆದ ಅಧಿಕೃತ ಪರಾಮರ್ಶೆಯು, ಪೊಲೀಸರು ಸಕಾಲಕ್ಕೆ ತಕ್ಕಷ್ಟು ಮಾಹಿತಿ ಕೊಡದೆ ಊಹೆಗಳಿಗೆ ಜಾಗ ಬಿಟ್ಟುಕೊಟ್ಟದ್ದನ್ನೂ, ಆಮೇಲೆ ಆಕೆಯ ತೀರಾ ಖಾಸಗಿ ಸಂಗತಿಗಳನ್ನು ಹೊರಗೆಡವಿದ್ದನ್ನೂ ಟೀಕಿಸಿತು. ಆದ್ದರಿಂದ ‘ಏನು ನಡೆಯುತ್ತಿದೆ’ ಎಂದು ಪೊಲೀಸರನ್ನು ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ‘ಯಾರು ಮಾಡಿದ್ದು’ ಎಂದು ಸಾರ್ವಜನಿಕವಾಗಿ ಘೋಷಿಸುವುದು ಬೇರೆಯೇ ವಿಷಯ.

ಪ್ರಶ್ನೆ: ಇಂಥದ್ದರಲ್ಲಿ ಕೊನೆಗೆ ಮನೆಯವರ ಕೈವಾಡವೇ ಇರುತ್ತದೆ ಎಂದು ನನ್ನ ಸ್ನೇಹಿತರು ವಾದಿಸುತ್ತಾರೆ. ಪೊಲೀಸರೂ ಮೊದಲು ಮನೆಯವರನ್ನೇ ವಿಚಾರಿಸುತ್ತಾರಲ್ಲ? ಟಿವಿಯಲ್ಲಿ ಮಾತನಾಡುವಾಗ ಮಕ್ಕಳ ಮುಖದಲ್ಲಿ ದುಃಖವೇ ಕಾಣುವುದಿಲ್ಲ, ಬರೆದುಕೊಟ್ಟದ್ದನ್ನು ಓದಿದಂತಿರುತ್ತದೆ.

ಉತ್ತರ: ಬರೆದುಕೊಟ್ಟದ್ದನ್ನೇ ಓದುತ್ತಿರಬಹುದು. ಅಪಹರಣದ ಸಂದರ್ಭದಲ್ಲಿ ಕುಟುಂಬದವರು ಕ್ಯಾಮೆರಾ ಮುಂದೆ ಆಡುವ ಮಾತು ಅನೇಕ ಸಲ ತನಿಖಾಧಿಕಾರಿಗಳ ಜೊತೆ ಕೂತು ಸಿದ್ಧಪಡಿಸಿದ್ದು. ಆ ಮಾತು ನಿಮಗಾಗಲಿ ನಮಗಾಗಲಿ ಅಲ್ಲ, ಅಪಹರಿಸಿದವನಿಗೆ. ತಾಯಿಯ ಹೆಸರನ್ನು ಮತ್ತೆ ಮತ್ತೆ ಹೇಳುವುದು, ಆಕೆಗೆ ದಿನವೂ ಬೇಕಾದ ಔಷಧಿಯ ಪ್ರಸ್ತಾಪ ಮಾಡುವುದು, ಮೊಮ್ಮಕ್ಕಳ ವಿಷಯ ಎತ್ತುವುದು, ಇವೆಲ್ಲ ಕೈಯಲ್ಲಿರುವುದು ಒಂದು ಜೀವ ಎಂದು ಅವನಿಗೆ ನೆನಪಿಸುವುದಕ್ಕೆ. ಬೈಯದೆ, ಬೆದರಿಸದೆ, ಸ್ವರ ಏರಿಸದೆ ಮಾತನಾಡಿ ಎಂದು ಅವರಿಗೆ ಹೇಳಿಕೊಟ್ಟಿರುತ್ತಾರೆ. ಆ ಸಂಯಮವನ್ನೇ ‘ದುಃಖವಿಲ್ಲ’ ಎಂದು ಓದುವುದು ಅನ್ಯಾಯ.

ಮುಖ ನೋಡಿ ತೀರ್ಪು ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ಒಂದು ಪ್ರಕರಣ ಸಾಕು. 1980ರಲ್ಲಿ ಉಳುರು ಬಂಡೆಯ ಬಳಿ ಹೂಡಿದ್ದ ಡೇರೆಯಿಂದ ಹಸುಗೂಸೊಂದನ್ನು ಡಿಂಗೋ ಎಂಬ ಕಾಡುನಾಯಿ ಕಚ್ಚಿಕೊಂಡು ಹೋಯಿತೆಂದು ತಾಯಿ ಹೇಳಿದಳು. ಆಕೆ ಸಾಕಷ್ಟು ಅಳಲಿಲ್ಲ, ಹೆತ್ತವಳಂತೆ ಕಾಣಲಿಲ್ಲ ಎಂದು ದೇಶವೇ ಮಾತನಾಡಿತು. 1982ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಮಗುವಿನ ಅಂಗಿ ಡಿಂಗೋಗಳು ಓಡಾಡುವ ಜಾಗದಲ್ಲಿ ಸಿಕ್ಕ ಮೇಲೆ ಬಿಡುಗಡೆ, 1988ರಲ್ಲಿ ಶಿಕ್ಷೆ ರದ್ದು. ಮಗುವನ್ನು ಡಿಂಗೋ ಒಯ್ದದ್ದೇ ನಿಜ ಎಂದು ಅಧಿಕೃತ ದಾಖಲೆಗೆ ಸೇರಿದ್ದು 2012ರಲ್ಲಿ.

ಮನೆಯವರನ್ನು ಮೊದಲು ವಿಚಾರಿಸುತ್ತಾರೆ ಎನ್ನುವುದು ನಿಜ. ಕೊನೆಯದಾಗಿ ಕಂಡವರು ಯಾರು, ಬೀಗದ ಕೈ ಯಾರ ಯಾರ ಬಳಿ ಇತ್ತು, ಅವರು ಮಲಗುತ್ತಿದ್ದ ಹೊತ್ತು ಯಾವುದು, ಕನ್ನಡಕವಿಲ್ಲದೆ, ಊರುಗೋಲಿಲ್ಲದೆ ಎಷ್ಟು ದೂರ ನಡೆಯಬಲ್ಲವರಾಗಿದ್ದರು ಎಂಬುದನ್ನೆಲ್ಲ ಹೇಳಬಲ್ಲವರು ಅವರೇ. ಈ ಕೊನೆಯ ಪ್ರಶ್ನೆ ಸಣ್ಣದಲ್ಲ: ಮರೆವಿನ ಕಾಯಿಲೆಯಿಂದ ತಾವಾಗಿ ಎದ್ದು ಹೋದರೇ ಅಥವಾ ಯಾರೋ ಒಯ್ದರೇ ಎಂಬ ಕವಲಿನಲ್ಲಿ ತನಿಖೆ ಯಾವ ಕಡೆ ಹೊರಳಬೇಕೆಂದು ನಿರ್ಧರಿಸುವುದು ಅನೇಕ ಸಲ ಇದೇ. ಮನೆಯವರನ್ನು ವಿಚಾರಿಸುವುದೆಂದರೆ ಸಾಧ್ಯತೆಗಳನ್ನು ಒಂದೊಂದಾಗಿ ಅಳಿಸುತ್ತ ಬರುವುದು ಕೂಡ. ಠಾಣೆಗೆ ಕರೆಸಿದರು ಎಂಬುದನ್ನೇ ತಪ್ಪೊಪ್ಪಿಗೆಯಂತೆ ಹರಡುವವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಬೇಕಾಗಿರುವುದಿಲ್ಲ.

ಹಿರಿಯರ ಪ್ರಕರಣಗಳಲ್ಲಿ ಮನೆಯವರ ಜೊತೆ ಇನ್ನೊಂದು ವರ್ಗವೂ ಸಿಕ್ಕಿಬೀಳುತ್ತದೆ. ಆರೈಕೆ ಮಾಡುವವರು, ಅಡುಗೆಯವರು, ಚಾಲಕರು, ತೋಟದ ಕೆಲಸದವರು. ತಮ್ಮ ಪರವಾಗಿ ಹೇಳಿಕೆ ಕೊಡಲು ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಅವರಿಗಿರುವುದಿಲ್ಲ. 1932ರಲ್ಲಿ ಅಮೆರಿಕದ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣವಾದಾಗ, ಮಗುವಿನ ಅಜ್ಜಿಯ ಮನೆಯಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳನ್ನು ಅನುಮಾನದಿಂದ ಮತ್ತೆ ಮತ್ತೆ ಪ್ರಶ್ನಿಸಿದರು. ಇನ್ನೊಮ್ಮೆ ವಿಚಾರಣೆಗೆ ಬರುವಂತೆ ಹೇಳಿದಾಗ ಆಕೆ ವಿಷ ಕುಡಿದು ಸತ್ತಳು. ಆ ರಾತ್ರಿ ತಾನು ಎಲ್ಲಿದ್ದೆನೆಂದು ಆಕೆ ಹೇಳಿದ್ದು ನಿಜವೇ ಆಗಿತ್ತು ಎನ್ನುವುದು ಆಮೇಲೆ ಗೊತ್ತಾಯಿತು.

ಪ್ರಶ್ನೆ: ಒತ್ತೆಹಣ ಕೇಳಿ ಪತ್ರ ಬಂದಿದೆ ಎಂದಮೇಲೆ ಅಪಹರಣಕಾರರು ಸಂಪರ್ಕದಲ್ಲಿದ್ದಾರೆ ಎಂದೇ ಅರ್ಥವಲ್ಲವೇ? ಹಣ ಕೊಟ್ಟು ಬಿಡಿಸಿಕೊಳ್ಳಲು ತಡವೇಕೆ?

ಉತ್ತರ: ಪತ್ರ ಬಂದಿದೆ ಎಂದರೆ ಪತ್ರ ಬಂದಿದೆ ಎಂದಷ್ಟೇ ಅರ್ಥ. ಸುದ್ದಿ ದೊಡ್ಡದಾದಷ್ಟೂ ಅದರಲ್ಲಿ ಮೈ ಕಾಯಿಸಿಕೊಳ್ಳುವವರು ಹೆಚ್ಚುತ್ತಾರೆ. ಲಿಂಡ್‌ಬರ್ಗ್ ಪ್ರಕರಣದಲ್ಲಿ ಗ್ಯಾಸ್ಟನ್ ಮೀನ್ಸ್ ಎಂಬ ಮಾಜಿ ಪತ್ತೇದಾರ, ಮಗುವನ್ನು ಬಿಡಿಸಿ ತರುವೆನೆಂದು ನಂಬಿಸಿ ಶ್ರೀಮಂತ ಮಹಿಳೆಯೊಬ್ಬರಿಂದ 1 ಲಕ್ಷ ಡಾಲರ್ ಕಿತ್ತು ಜೈಲು ಸೇರಿದ. ಅಸಲಿ ಪತ್ರ ಯಾವುದೆಂದು ತಿಳಿದದ್ದು ಕಾಗದದ ಮೂಲೆಯ ಒಂದು ಗುರುತಿನಿಂದ: ಒಂದಕ್ಕೊಂದು ಹೆಣೆದ ಎರಡು ನೀಲಿ ವೃತ್ತಗಳು, ಅವು ಕೂಡುವಲ್ಲಿ ಕೆಂಪು ಬಣ್ಣ, ಜೊತೆಗೆ ಮೂರು ತೂತುಗಳು. ತನಿಖಾಧಿಕಾರಿಗಳು ಒಂದೆರಡು ವಿವರಗಳನ್ನು ಬೇಕೆಂದೇ ಮುಚ್ಚಿಟ್ಟುಕೊಳ್ಳುವುದು ಇದಕ್ಕೇ. ಅಂಥ ಗುರುತು ಬಯಲಾದರೆ ಖದೀಮರೆಲ್ಲರೂ ಅದನ್ನೇ ಬರೆದು ಕಳಿಸುತ್ತಾರೆ. ಇಷ್ಟಾಗಿ, ಆ ಪ್ರಕರಣದಲ್ಲಿ ಅಸಲಿ ಅಪಹರಣಕಾರನಿಗೆ 50,000 ಡಾಲರ್ ತಲುಪಿಸಿದ ಮೇಲೂ ಮಗು ಮರಳಲಿಲ್ಲ. ಅದು ಮೊದಲೇ ಸತ್ತಿತ್ತು.

ಆದ್ದರಿಂದ ಹಣಕ್ಕೆ ಮೊದಲು ಕೇಳುವುದು, ಒತ್ತೆಯಲ್ಲಿರುವವರು ಬದುಕಿದ್ದಾರೆ ಎಂಬುದಕ್ಕೆ ಪುರಾವೆ. ಆ ದಿನದ ಪತ್ರಿಕೆ ಹಿಡಿದ ಫೋಟೋ ಒಂದು ಕಾಲಕ್ಕೆ ಸಾಕಾಗುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯಿಂದ ಮುಖ, ಧ್ವನಿ ಎರಡನ್ನೂ ಸೃಷ್ಟಿಸಬಹುದಾದ್ದರಿಂದ, ಅವರೊಬ್ಬರೇ ಉತ್ತರಿಸಬಲ್ಲ ಪ್ರಶ್ನೆ ಕೇಳುವುದು ಇನ್ನಷ್ಟು ಮುಖ್ಯವಾಗಿದೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಮೊದಲು ಸಾಕಿದ ನಾಯಿ, ಇಂಥವು. ನಮ್ಮ ಉತ್ಸಾಹಿಗಳು ಕುಟುಂಬದ ಹಳೆಯ ಫೋಟೋ, ಅಡ್ಡಹೆಸರು, ಯಾವ ಯಾವ ಮನೆಯಲ್ಲಿದ್ದರು ಎಂಬುದನ್ನೆಲ್ಲ ಹೆಕ್ಕಿ ಹರಡಿದಾಗ ಕೇಳಬಹುದಾದ ಪ್ರಶ್ನೆಗಳೇ ಕಡಿಮೆಯಾಗುತ್ತವೆ. ನೆನಪು ಮಾಸಿರುವ ಹಿರಿಯರ ವಿಷಯದಲ್ಲಂತೂ ಮೊದಲೇ ಅವು ಬೆರಳೆಣಿಕೆಯಷ್ಟಿರುತ್ತವೆ.

ಇನ್ನು ‘ಆ ಮನೆಯವರ ಮೇಲೆ ಯಾರಿಗೆ ದ್ವೇಷವಿತ್ತು’ ಎಂಬ ಹುಡುಕಾಟ. 1969ರ ಡಿಸೆಂಬರ್ 29ರಂದು ಲಂಡನ್ನಿನ ವಿಂಬಲ್ಡನ್‌ನಿಂದ ಮ್ಯೂರಿಯಲ್ ಮೆಕೇ ಎಂಬ ಮಹಿಳೆಯನ್ನು ಅಪಹರಿಸಿ 10 ಲಕ್ಷ ಪೌಂಡ್ ಕೇಳಿದರು. ಸುದ್ದಿ ಹಬ್ಬುತ್ತಲೇ ಸುಳ್ಳು ಕರೆಗಳು ಮೇಲಿಂದ ಮೇಲೆ ಬಂದವು. ಅಪಹರಣಕಾರರಿಗೆ ಬೇಕಾಗಿದ್ದದ್ದು ಆಕೆಯೇ ಅಲ್ಲ, ಆಕೆಯ ಪತಿಯ ಸಂಸ್ಥೆಯ ಒಡೆಯ ರೂಪರ್ಟ್ ಮರ್ಡೋಕ್ ಅವರ ಪತ್ನಿ. ಒಡೆಯರ ಕಾರು ನಿಂತಿದ್ದ ಮನೆಯನ್ನು ಒಡೆಯರ ಮನೆಯೆಂದೇ ಭಾವಿಸಿದ್ದರು. ಮೆಕೇ ಕುಟುಂಬದ ಹಗೆಗಳನ್ನು ಎಷ್ಟು ಜಾಲಾಡಿದರೂ ಆ ಉತ್ತರ ಸಿಗುತ್ತಿರಲಿಲ್ಲ. ಅಪಹರಿಸಿದ್ದ ಸಹೋದರರಿಬ್ಬರಿಗೆ 1970ರಲ್ಲಿ ಶಿಕ್ಷೆಯಾಯಿತು. ಆಕೆಯ ದೇಹಕ್ಕಾಗಿ 2024ರಲ್ಲೂ ನೆಲ ಅಗೆದು ನೋಡಿದರು, ಸಿಗಲಿಲ್ಲ.

ಪ್ರಶ್ನೆ: ಎದೆಯಲ್ಲಿ ಪೇಸ್‌ಮೇಕರ್ ಇರುವವರನ್ನು ಅದರ ಮೂಲಕವೇ ಪತ್ತೆ ಮಾಡಬಹುದಲ್ಲವೇ?

ಉತ್ತರ: ಇಲ್ಲ. ಅದರಲ್ಲಿ ಜಿಪಿಎಸ್ ಇರುವುದಿಲ್ಲ. ಈಗಿನ ಅನೇಕ ಪೇಸ್‌ಮೇಕರ್‌ಗಳು ಹಾಸಿಗೆ ಪಕ್ಕದ ಯಂತ್ರಕ್ಕೋ ಮೊಬೈಲಿಗೋ ಮಾಹಿತಿ ಕಳಿಸುತ್ತವೆ, ಅದೂ ತೀರಾ ಹತ್ತಿರದಿಂದ ಮಾತ್ರ. ಕೊನೆಯ ಬಾರಿ ಸಂಪರ್ಕ ತಪ್ಪಿದ ಸಮಯವು ಅವರು ಮನೆಯಿಂದ ದೂರವಾದ ಹೊತ್ತನ್ನು ಅಂದಾಜಿಸಲು ನೆರವಾಗಬಹುದು, ಅಷ್ಟೇ.

ಪ್ರಶ್ನೆ: ಅಂಥ ಘಟನೆ ನಡೆದ ಬೀದಿಯಲ್ಲೇ ನಾನಿದ್ದು, ಅಪರಿಚಿತ ವಾಹನವೊಂದನ್ನು ಕಂಡಿದ್ದೇನೆ ಎಂದಿಟ್ಟುಕೊಳ್ಳಿ. ಅದು ಮುಖ್ಯವೋ ಅಲ್ಲವೋ ತಿಳಿಯದು. ಪೊಲೀಸರ ಸಮಯ ಹಾಳು ಮಾಡಿದಂತಾಗುವುದಿಲ್ಲವೇ?

ಉತ್ತರ: ಮುಖ್ಯವೋ ಅಲ್ಲವೋ ಎಂಬ ನಿರ್ಧಾರ ನಿಮ್ಮದಲ್ಲ, ಆ ಚಿಂತೆ ಬಿಡಿ. ಮೊದಲು, ಯಾರೊಡನೆಯೂ ಚರ್ಚಿಸುವ ಮುನ್ನ, ಕಂಡದ್ದನ್ನು ಕಾಗದದ ಮೇಲೆ ಬರೆದುಕೊಳ್ಳಿ: ಹೊತ್ತು, ವಾಹನದ ಬಣ್ಣ, ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತು, ನೀವು ನಿಂತಿದ್ದದ್ದು ಎಲ್ಲಿ, ಬೆಳಕು ಎಷ್ಟಿತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಚರ್ಚೆಗೆ ಮುನ್ನ ಎನ್ನಲು ಕಾರಣವಿದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಕಾರು ಅಪಘಾತದ ಒಂದೇ ದೃಶ್ಯವನ್ನು ಹಲವರಿಗೆ ತೋರಿಸಿ ವೇಗ ಕೇಳಿದಾಗ, ಕಾರುಗಳು ‘ಅಪ್ಪಳಿಸಿದಾಗ’ ಎಂಬ ಪದ ಕೇಳಿದವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಎಂದರು, ‘ತಾಗಿದಾಗ’ ಎಂದು ಕೇಳಿಸಿಕೊಂಡವರು ಸುಮಾರು 32 ಎಂದರು. ಒಂದು ಪದಕ್ಕೇ ಇಷ್ಟಾದರೆ, ‘ಬಿಳಿ ವ್ಯಾನಂತೆ, ಇಬ್ಬರಿದ್ದರಂತೆ’ ಎಂದು ದಿನವಿಡೀ ಕೇಳಿದ ಮೇಲೆ ನೀವು ಕಂಡ ಬೂದು ಕಾರು ಬಿಳಿ ವ್ಯಾನಾಗುವುದು ಕಷ್ಟವಲ್ಲ, ಮತ್ತು ನೀವು ಅದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತೀರಿ.

ಮನೆಯ ಮುಂದೆ ಕ್ಯಾಮೆರಾ ಇದ್ದರೆ ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು, ಏಕೆಂದರೆ ಅನೇಕ ಕ್ಯಾಮೆರಾಗಳು ಕೆಲವು ದಿನಗಳಾದ ಮೇಲೆ ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ದಾಖಲಿಸುತ್ತವೆ. ಘಟನೆಯ ರಾತ್ರಿಯದಷ್ಟೇ ಅಲ್ಲ, ಹಿಂದಿನ ದಿನಗಳ ದೃಶ್ಯಗಳನ್ನೂ ಉಳಿಸಿಡಿ. ಅಪಹರಿಸುವವರು ಮೊದಲೇ ಬಂದು ಜಾಗ ನೋಡಿ ಹೋಗಿರಬಹುದು. ಕ್ಯಾಮೆರಾದ ಗಡಿಯಾರ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಎಂದು ಗುರುತು ಮಾಡಿಕೊಳ್ಳಿ. ತುಣುಕನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಅಲ್ಲಿ ಚಿತ್ರ ಕುಗ್ಗಿ ವಾಹನದ ನಂಬರ್ ಅಳಿಸಿಹೋಗಬಹುದು; ಮೂಲ ಕಡತವನ್ನೇ ಪೊಲೀಸರ ಕೈಗೆ ಕೊಡಿ. ಕೊಟ್ಟ ಮೇಲೆ ಅವರಿಂದ ಕರೆ ಬರದಿದ್ದರೆ ನಿಮ್ಮ ಮಾಹಿತಿಯನ್ನು ಮೂಲೆಗೆಸೆದರು ಎಂದುಕೊಳ್ಳಬೇಡಿ. ಆ ವಾಹನ ಪಕ್ಕದ ಮನೆಯ ನೆಂಟರದ್ದೆಂದು ಅರ್ಧ ಗಂಟೆಯಲ್ಲೇ ಗೊತ್ತಾಗಿರಬಹುದು, ಇಲ್ಲವೇ ಅದೇ ಮುಖ್ಯ ಎಳೆಯಾಗಿರುವುದರಿಂದ ನಿಮಗೂ ಹೇಳದೆ ಇಟ್ಟಿರಬಹುದು.